ಎಂಟುನೂರ ಎಂಬತ್ತು ಮಗ್ಗು

ಶರಣಪ್ಪ ಕಾಕಾ ನೀರು ಕೊಡುವ ರೀತಿಯೇ ಬೇರೆ. ಮಗ್ಗನ್ನು ಅಂಚಿನ ತನಕ ತುಂಬಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ ಒಮ್ಮೆ ನೋಡುತ್ತಿದ್ದರು. ನೀರು ಅಂಚಿಗಿಂತ ಕೂದಲೆಳೆಯಷ್ಟು ಕೆಳಗಿದ್ದರೂ ಒಪ್ಪುತ್ತಿರಲಿಲ್ಲ. ಕೊಡದಿಂದ ಇನ್ನೆರಡು ಹನಿ ಬಿಟ್ಟು, ಮತ್ತೊಮ್ಮೆ ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಕೈಗೆ ಕೊಡುತ್ತಿದ್ದರು. ಬಾಯಾರಿ ಬಂದವರು ಅಷ್ಟು ಹೊತ್ತು ಕೈಚಾಚಿ ನಿಂತಿರಬೇಕು. ಹಾಗೆ ತುಂಬಿದ ಮಗ್ಗಿನಿಂದ ಚೆಲ್ಲದೆ ಕುಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಸೀರೆಯ ಮೇಲೆ ನೀರು ಸುರಿದುಕೊಂಡ ನನ್ನನ್ನು ನೋಡಿ ಮೊದಲ ದಿನವೇ, "ಅಳತಿ ನಂದ್ರಿ ಮೇಡಮ್ರೆ, ಚಲ್ಲೋದು ನಿಮ್ದು" ಎಂದು ನಕ್ಕಿದ್ದರು.

ಅವರು ತೆಲುಗು ಸೀಮೆಯೊಳಗೆ, ಕಲ್ಹೇರ್ ಕಡೆಯ ಒಂದು ಹಳ್ಳಿಯಲ್ಲಿ ನೀರು ಬಿಡುವವರು. ಬೆಳಿಗ್ಗೆ ಪಂಪು ಹಾಕಿ ಟಾಕಿ ತುಂಬಿಸಬೇಕು, ಅದಕ್ಕೆ ಬ್ಲೀಚಿಂಗ್ ಪುಡಿ ಕಲಸಬೇಕು, ಓಣಿ ಓಣಿಗೆ ವಾಲ್ವ್ ತಿರುಗಿಸಬೇಕು. ನಾನು ನೀರಿನ ಇಲಾಖೆಯಲ್ಲಿ ಹೊಸದಾಗಿ ಸೇರಿದ ಇಂಜಿನಿಯರು. ನಾರಾಯಣಖೇಡದಲ್ಲಿ ಕೋಣೆ ಹಿಡಿದು, ಬಸ್ಸಿನಲ್ಲೋ ಯಾರದಾದರೂ ಗಾಡಿಯ ಹಿಂದೆ ಕೂತೋ ಹಳ್ಳಿಗಳನ್ನು ಸುತ್ತುತ್ತಿದ್ದೆ. ಆಫೀಸಿನಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಕಾಗದದಲ್ಲಿ ಇಂಗ್ಲಿಷು. ಆ ಊರಿನಲ್ಲಿ ಮಾತ್ರ ಶರಣಪ್ಪ ಕಾಕಾ ನನ್ನ ಜೊತೆ ನಮ್ಮ ಮನೆಯ ಕನ್ನಡ ಮಾತಾಡುತ್ತಿದ್ದರು. ಅದಕ್ಕೇ ಬೇರೆ ಊರುಗಳಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದವಳು ಅಲ್ಲಿಗೆ ಮಾತ್ರ ವಾರಕ್ಕೊಮ್ಮೆ ಏನಾದರೂ ನೆವ ಹುಡುಕಿ ಹೋಗುತ್ತಿದ್ದೆ.

ಅವರಿಗೆ ಒಂದೇ ಒಂದು ಶಬ್ದ ಕಂಡರೆ ಆಗುತ್ತಿರಲಿಲ್ಲ. ಅದು ಅಂದಾಜು. ಸರಪಂಚರಾಗಲಿ, ನಮ್ಮ ಸಾಹೇಬರಾಗಲಿ, ಯಾರೇ ಅಂದಾಜಿನ ಮೇಲೆ ಮಾತಾಡಿದರೂ ನಡುವೆ ಬಾಯಿ ಹಾಕುತ್ತಿದ್ದರು. "ಅಂದಾಜ್ ಹೇಳಬ್ಯಾಡ್ರಿ, ಅಳದು ಹೇಳ್ರಿ." ಹೆಂಡತಿ ಮಹಾದೇವಮ್ಮ ರೊಟ್ಟಿಗೆ ಹಿಟ್ಟು ತೆಗೆಯುವಾಗಲೂ ಇದೇ ಮಾತು. ಆಕೆ ಒಮ್ಮೆ ಸಿಟ್ಟಿಗೆದ್ದು, "ಈ ಮನಷ್ಯಾ ನನ್ನ ಲಗ್ನ ಆಗಾಕ ಬಂದಾಗ ಟೇಪ್ ತಂದಿದ್ದಿಲ್ಲ ಪುಣ್ಯಾಕ" ಎಂದದ್ದು ನನಗೆ ಇವತ್ತಿಗೂ ನಗು ತರುತ್ತದೆ.

ಆ ಮಗ್ಗು ಅವರ ಅಪ್ಪನದು. ನಿಜಾಮರ ಕಾಲದಲ್ಲಿ ಅಪ್ಪ ಯಾವುದೋ ದವಾಖಾನೆಯಲ್ಲಿ ಕಸ ಗುಡಿಸುತ್ತಿದ್ದನಂತೆ. ಆ ದವಾಖಾನೆ ಮುಚ್ಚಿದಾಗ ಬಿಳಿ ಎನಾಮಲ್ಲಿನ, ನೀಲಿ ಅಂಚಿನ ಈ ಮಗ್ಗು ಮನೆಗೆ ಬಂತು. ಅಲ್ಲಲ್ಲಿ ಎನಾಮಲ್ ಎದ್ದು ಕಪ್ಪು ಕಾಣುತ್ತಿತ್ತು. ತಳದಲ್ಲಿ ನಾಲ್ಕಾರು ಇಂಗ್ಲಿಷ್ ಅಕ್ಷರ. ಕಾಕಾ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಓದಿದವರು. ಅದನ್ನು ಕಂಪನಿಯ ಹೆಸರೆಂದು ತಿಳಿದಿದ್ದರು.

ಆ ಊರಿನ ಟಾಕಿ ನಮ್ಮ ಇಲಾಖೆ ಕಟ್ಟಿದ್ದಲ್ಲ. ಹಳೆಯ ಬಾವಿಯೊಂದರ ಮೇಲೆ ಯಾವ ಕಾಲದಲ್ಲೋ ಕಲ್ಲಿನಿಂದ ಕಟ್ಟಿ, ಆಮೇಲೆ ಮುಚ್ಚಳ ಹಾಕಿದ್ದು. ತಳ ಒಂದು ಕಡೆ ಇಳಿದಿತ್ತು, ಗೋಡೆ ಹೊಟ್ಟೆ ಬಿಟ್ಟಿತ್ತು. ಟೇಪು ಹಿಡಿಯಲು ಒಂದು ನೇರ ಮೂಲೆ ಇರಲಿಲ್ಲ. ನನ್ನ ಫಾರಮ್ಮಿನಲ್ಲೋ, ಟಾಕಿಯಲ್ಲಿ ಎಷ್ಟು ಘನಮೀಟರ್ ನೀರು ಹಿಡಿಯುತ್ತದೆ ಎಂದು ಬರೆಯಲೇಬೇಕು. ಎಷ್ಟು ಪುಡಿ ಹಾಕಬೇಕು ಎನ್ನುವುದು ಅದರ ಮೇಲೆ ನಿಂತಿತ್ತು. "ಈ ಘನಮೀಟರ್ ಅಂದ್ರ ಏನ್ರಿ?" ಎಂದು ಕಾಕಾ ಕೇಳಿದರು. ಒಂದು ಮೀಟರ್ ಉದ್ದ, ಒಂದು ಅಗಲ, ಒಂದು ಆಳ, ಅದರೊಳಗೆ ಸಾವಿರ ಲೀಟರ್ ನೀರು ಎಂದೆ. ಅವರು ತಲೆ ಅಲ್ಲಾಡಿಸಲಿಲ್ಲ. ಮುಂದಿನ ವಾರ ಹೋದಾಗ ಹಿತ್ತಿಲಲ್ಲಿ ಅಷ್ಟೇ ಅಳತೆಯ ಗುಂಡಿ ತೋಡಿ ಕಾಯುತ್ತಿದ್ದರು. ತಾಂಡೂರಿನಲ್ಲಿ ನಮ್ಮ ಅಪ್ಪನದು ಕಲ್ಲು ಪಾಲಿಶಿನ ಸಣ್ಣ ಕೆಲಸ. ಅಲ್ಲಿಂದ ನೆಲಕ್ಕೆ ಹಾಸುವ ಒಡೆದ ಫರ್ಸಿ ಕಲ್ಲು ತರಿಸಿಕೊಟ್ಟೆ. ಕಾಕಾ ನಾಲ್ಕೂ ಬದಿಗೆ, ತಳಕ್ಕೆ ಫರ್ಸಿ ಕೂಡಿಸಿ, ಸಂದಿಗೆ ಸಿಮೆಂಟು ಬಳಿದು, ಒಳಗಿನ ಅಳತೆ ಮತ್ತೆ ಮತ್ತೆ ಹಿಡಿದು ನೋಡಿದರು. "ಈಗ ತಿಳೀತ್ರಿ. ಇದರಾಗ ನಮ್ಮ ಮನಿಮಂದಿ ಕೂಡಬಹುದು."

ಅವತ್ತೇ ಫರ್ಸಿಯ ಮೇಲೆ ಕೂತು, ತಮ್ಮ ಬಲಪಾದ ಮುಂದೆ ಚಾಚಿ ಇನ್ನೊಂದು ಮಾತು ಹೇಳಿದರು. "ನಿಮ್ಮ ಮೀಟರ್ ಎಲ್ಲಾ ಕಡಿ ನಡೀತದ, ಒಂದ್ ಜಾಗಾದಾಗ ನಡ್ಯಂಗಿಲ್ರಿ. ನಮ್ಮಂದಿ ಸತ್ತ್ರ ಕುಣಿ ಅಳ್ಯಾದು ಸತ್ತವನ ಪಾದದಿಂದ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಐದು ಪಾದ ಆಳ. ನನ್ನ ಪಾದ ಪಕ್ಕಾ ಹತ್ತಿಂಚು. ಬರಕೊಂಡಿಡ್ರಿ, ಯಾರರ ಗಲತ್ ಮಾಡ್ಯಾರು." ನಾನು ನಕ್ಕು, ಬರೆದುಕೊಂಡಂತೆ ಗಾಳಿಯಲ್ಲಿ ಬೆರಳಾಡಿಸಿದೆ.

ಟಾಕಿ ಅಳೆಯಲು ಅವರೇ ದಾರಿ ಹುಡುಕಿದರು. ಒಂದು ದೊಡ್ಡ ಖಾಲಿ ಡ್ರಮ್ಮಿಗೆ ಇನ್ನೂರು ಮಗ್ಗು ನೀರು ಹಾಕಿ, ನೀರು ನಿಂತ ಕಡೆ ಕೆಂಪು ಬಣ್ಣದ ಗೆರೆ ಎಳೆಯುವುದು. ಪಂಪಿನ ನೀರು ಆ ಗೆರೆಗೆ ಬರಲು ಎಷ್ಟು ನಿಮಿಷ ಎಂದು ನೋಡಿಕೊಂಡು, ಖಾಲಿ ಟಾಕಿ ತುಂಬಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿದರೆ ಆಯಿತು. ನನಗೆ ಹೊಳೆಯದ ಉಪಾಯ ಅವರಿಗೆ ಹೊಳೆಯಿತಲ್ಲ ಎಂದು ಒಳಗೊಳಗೇ ನಾಚಿಕೊಂಡೆ. ಆದರೆ ಶುರು ಮಾಡುವ ಮೊದಲು ಕಾಕಾ ಮಗ್ಗನ್ನು ನನ್ನ ಮುಂದೆ ಹಿಡಿದರು.

"ಮೇಡಮ್ರೆ, ಇದು ಪಕ್ಕಾ ಲೀಟರ್ ಹೌಂದೋ ಅಲ್ಲೋ, ಜರಾ ನೋಡ್ರಿ."

ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ನನಗೆ ನಾರಾಯಣಖೇಡಕ್ಕೆ ಬೇರೆ ಗತಿಯಿರಲಿಲ್ಲ. ಮಗ್ಗನ್ನು ಕೈಗೆ ಸಹ ತೆಗೆದುಕೊಳ್ಳಲಿಲ್ಲ. "ಲೀಟರೇ ಇರ್ತದ ಕಾಕಾ, ನಡೀರಿ ಈಗ" ಎಂದೆ.

ಅವರು ಮಗ್ಗನ್ನು ಕೆಳಗಿಳಿಸಿದರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅಂದಾಜು ಹೇಳಬೇಡಿ ಎಂದು ಬೈಯುತ್ತಿದ್ದರು. ನಾನು ಇಂಜಿನಿಯರು, ಓದಿದವಳು. ಆ ಒಂದು ಸಲ ಅವರು ಅಂದಾಜನ್ನು ಒಪ್ಪಿಕೊಂಡರು.

ಎರಡು ದಿನ ಪಂಪಿನ ಹತ್ತಿರ ಕೂತು, ಕರೆಂಟು ಹೋದಾಗಲೆಲ್ಲ ಹೊತ್ತು ಬರೆದಿಟ್ಟು, ಟಾಕಿಗೆ ಇನ್ನೂರ ಇಪ್ಪತ್ತು ಡ್ರಮ್ಮು ಎಂದು ಲೆಕ್ಕ ಕೊಟ್ಟರು. ಅಂದರೆ ನಲವತ್ತನಾಲ್ಕು ಸಾವಿರ ಲೀಟರ್, ನಲವತ್ತನಾಲ್ಕು ಘನಮೀಟರ್. ಫಾರಮ್ಮಿನಲ್ಲಿ ಬರೆದೆ. ಕಾಕಾ ಟಾಕಿಯ ಗೋಡೆಯ ಮೇಲೂ ಕನ್ನಡದ ಅಂಕಿಯಲ್ಲಿ ದೊಡ್ಡದಾಗಿ ಬರೆಸಿದರು. ಘನಮೀಟರಿಗೆ ಎರಡೂವರೆ ಗ್ರಾಂ ಪುಡಿಯ ಲೆಕ್ಕದಲ್ಲಿ ದಿನಾ ನೂರಾ ಹತ್ತು ಗ್ರಾಂ ತೂಗಿ ಹಾಕತೊಡಗಿದರು. ಆ ತಕ್ಕಡಿಯ ಮುಂದೆಯೂ ಒಂದು ಕಣ್ಣು ಮುಚ್ಚಿಯೇ ಕೂರುತ್ತಿದ್ದರು.

ಟಾಕಿಯ ಎದುರಿಗೇ ಲಚ್ಚವ್ವನ ಮನೆ. ಎಪ್ಪತ್ತು ದಾಟಿದ ಮುದುಕಿ, ಮಗ ನರಸಪ್ಪನ ಜೊತೆ ಇದ್ದಳು. ವಾಲ್ವ್ ತಿರುಗುವ ಸದ್ದಿಗೆ ಮೊದಲು ಕೊಡ ಹಿಡಿದು ಬರುವವಳು ಅವಳೇ. "ಇವತ್ತ ನೀರಾಗ ಔಷಧ ವಾಸನಿ ಬರ್ತದ ಶರಣ್ಯಾ, ಹೆಚ್ಚು ಹಾಕೀ ಏನು?" ಎಂದು ಬೈಯದ ದಿನವಿಲ್ಲ. "ತೂಗಿ ಹಾಕೀನಬೇ, ಸುಮ್ಮಕ ಕುಡಿ" ಎಂದು ಇವರು. ಇವರ ಜಗಳ ಕೇಳಿದ ಮೇಲೆಯೇ ಊರಿಗೆ ಬೆಳಗಾಗುತ್ತಿತ್ತು. ಜಗಳ ಮುಗಿದ ಮೇಲೆ ಅದೇ ಮುದುಕಿ ಒಳಗಿಂದ ಕಪ್ಪುಬಸಿಯಲ್ಲಿ ಚಹಾ ತಂದುಕೊಡುತ್ತಿದ್ದಳು.

ಒಂದು ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂತು. ಹದಿನೈದಿಪ್ಪತ್ತು ಮಂದಿ ಮಲಗಿದರು. ಉಳಿದವರೆಲ್ಲ ಎದ್ದು ಕೂತರು, ಲಚ್ಚವ್ವ ಏಳಲಿಲ್ಲ. ನರಸಪ್ಪ ಆಟೋದಲ್ಲಿ ದವಾಖಾನೆಗೆ ಒಯ್ಯುವಾಗ ಅವಳು ದಾರಿಯಲ್ಲೇ ತೀರಿಕೊಂಡಳು.

ಜಿಲ್ಲೆಯಿಂದ ಸಾಹೇಬರು ಬಂದರು. ಟಾಕಿಯ ಮುಂದೆ ಊರೆಲ್ಲ ನೆರೆದಿತ್ತು. ಡ್ರಮ್ಮು, ತಕ್ಕಡಿ, ಮಗ್ಗು ಎಲ್ಲ ಹೊರಗೆ ತರಿಸಿದರು. ಸಾಹೇಬರು ಮಗ್ಗನ್ನು ಮಗುಚಿ ತಳ ನೋಡಿ, ನನ್ನ ಕಡೆ ಹಿಡಿದು, "ಓದಿ" ಎಂದರು. ಓದಿದೆ. ಕ್ವಾರ್ಟ್ ಎಂದಿತ್ತು. ಇಂಗ್ಲಿಷರ ಕಾಲದ ಅಳತೆ, ಲೀಟರಿಗಿಂತ ದೊಡ್ಡದು. ಅಂದರೆ ಟಾಕಿ ನಾವು ಬರೆದದ್ದಕ್ಕಿಂತ ದೊಡ್ಡದು, ಪುಡಿ ದಿನಾ ಕಡಿಮೆ ಬಿದ್ದಿತ್ತು.

"ಇದನ್ನು ಲೀಟರ್ ಅಂತ ಯಾರು ಹೇಳಿದರು ನಿನಗೆ?"

ಆಗ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಾಂಡೂರಿನಲ್ಲಿ ಅಪ್ಪ ಕಲ್ಲಿನ ಧೂಳು ಕುಡಿದು ಕೆಮ್ಮುತ್ತ ಮಲಗಿದ್ದ. ಇವು ಕಾರಣಗಳು, ನೆಪಗಳಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಾನು ಬಾಯಿ ತೆರೆಯಲಿಲ್ಲ.

ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಯಾರೂ ಹೇಳಿಲ್ರಿ ಸಾಹೇಬ್ರ. ನಾನ ಅಂದಾಜ್ ಮಾಡ್ದೆ" ಎಂದರು.

ಅಂದಾಜ್ ಮಾಡ್ದೆ ಎಂದು ಆ ಮನುಷ್ಯ ಇಡೀ ಊರಿನ ಮುಂದೆ ಹೇಳಿದರು. ಜನರ ನಡುವೆ ನರಸಪ್ಪ ನಿಂತಿದ್ದ. "ನಮ್ಮವ್ವನ ಜೀವಾ ನಿನಗ ಅಂದಾಜಾತೇನು?" ಎಂದು ಕೂಗಿದ. ಅವತ್ತೇ ಕಾಕಾರನ್ನು ಕೆಲಸದಿಂದ ತೆಗೆದರು.

ಎರಡು ದಿನದ ಮೇಲೆ ನಾನು ಪೈಪಿನ ಸಾಲು ಅಗೆಸಿದೆ. ಲಚ್ಚವ್ವನ ಓಣಿಯಲ್ಲೇ ಚರಂಡಿಯ ಕೆಳಗೆ ಪೈಪು ಒಡೆದಿತ್ತು. ರೋಗ ಬಂದದ್ದು ಅಲ್ಲಿಂದ. ಕ್ವಾರ್ಟಿನ ಲೆಕ್ಕದಲ್ಲಿ ಟಾಕಿಯ ನಿಜವಾದ ಅಳತೆ ಐವತ್ತು ಘನಮೀಟರ್. ನೂರಿಪ್ಪತ್ತೈದು ಗ್ರಾಂ ಹಾಕಬೇಕಾದಲ್ಲಿ ನೂರಾ ಹತ್ತು ಬೀಳುತ್ತಿತ್ತು, ಹದಿನೈದು ಗ್ರಾಮಿನ ಕೊರತೆ. ಚರಂಡಿಯೇ ಒಳಗೆ ನುಗ್ಗಿದ ಮೇಲೆ ಆ ಹದಿನೈದು ಗ್ರಾಂ ಏನೂ ಮಾಡುತ್ತಿರಲಿಲ್ಲ. ಇದನ್ನೆಲ್ಲ ವರದಿಯಲ್ಲಿ ಬರೆದೆ. ಪಂಚಾಯಿತಿಯವರೂ ಒಪ್ಪಿ ಕಾಕಾರನ್ನು ಕೆಲಸಕ್ಕೆ ಮರಳಿ ಕರೆದರು. ಆ ಮಗ್ಗನ್ನು ಲೀಟರ್ ಎಂದವಳು ನಾನು ಎಂಬುದನ್ನು ಮಾತ್ರ ಬರೆಯಲಿಲ್ಲ.

ಓಡಿಹೋಗಿ ಕಾಕಾಗೆ ವರದಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು, "ಪೈಪ್ ಒಡದದ್ದು ಖರೆ, ಕಮ್ಮಿ ಹಾಕಿದ್ದೂ ಖರೆ" ಎಂದರು. ಆಮೇಲೆ, "ಒಂದ್ ಘನಮೀಟರಿಗಿ ಇವು ಎಷ್ಟ್ ಮಗ್ಗು ಬರ್ತಾವ್ರಿ? ಅಳದು ತೋರಸ್ರಿ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು.

ಫರ್ಸಿಯ ಆ ಗುಂಡಿ ಹಾಗೇ ಇತ್ತು. ಮಹಾದೇವಮ್ಮ ತೊಳೆದುಕೊಟ್ಟಳು. ಕಾಕಾ ಕೊಡದಿಂದ ಮಗ್ಗಿಗೆ, ಮಗ್ಗಿನಿಂದ ಗುಂಡಿಗೆ ನೀರು ಹಾಕತೊಡಗಿದರು. ಪ್ರತಿ ಮಗ್ಗನ್ನೂ ಎತ್ತಿ ಒಂದು ಕಣ್ಣು ಮುಚ್ಚಿ ನೋಡುವುದು, ಆಮೇಲೆ ಸುರಿಯುವುದು. ನಾನು ಎಣಿಸುವುದು. ನೂರಕ್ಕೊಂದು ಕಡ್ಡಿ ನೆಲದ ಮೇಲೆ ಇಡುತ್ತಿದ್ದೆ. ಬೇಸರಕ್ಕೆ ಒಮ್ಮೆ, ಕಾಗದದ ಮೇಲೆ ಎರಡು ಸಾಲಿನಲ್ಲಿ ಲೆಕ್ಕ ಮಾಡಿ ತೋರಿಸುತ್ತೇನೆ ಎಂದೆ. "ಕಾಗದಕ್ಕ ನೀರಿನ ಭಾರ ತಿಳ್ಯಾಂಗಿಲ್ರಿ" ಎಂದು ಮತ್ತೊಂದು ಮಗ್ಗು ಎತ್ತಿದರು. ಮಧ್ಯಾಹ್ನ ದಾಟಿತು. ಎಂಟು ಕಡ್ಡಿಗಳಾದವು. ಅದರ ಮೇಲೆ ಎಂಬತ್ತನೆಯ ಮಗ್ಗಿಗೆ ನೀರು ಫರ್ಸಿಯ ಅಂಚು ಮುಟ್ಟಿ ನಿಂತಿತು. ನನ್ನ ಕಾಗದದ ಲೆಕ್ಕವೂ ಅಷ್ಟೇ ಇತ್ತು.

ಕಾಕಾ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಸಾವಿರಕ್ಕ ತುಂಬಬೇಕಿತ್ತು. ಎಂಟ್ನೂರ ಎಂಬತ್ತಕ್ಕ ತುಂಬ್ಯಾದ." ಅಷ್ಟು ಹೇಳಿ, ಒದ್ದೆ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ತಪ್ಪು ಕಾಕಾ, ನಾನೇ ಹೇಳಿದ್ದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅಲ್ಲಿ ಕೇಳಲು ಇದ್ದವರು ಇಬ್ಬರೇ ಇಬ್ಬರು. ನನ್ನ ಕೆಲಸವೂ ಹೋಗುತ್ತಿರಲಿಲ್ಲ. ಆದರೂ ಹೇಳಲಿಲ್ಲ. ಹೊರಟು ನಿಂತಾಗ ಅವರು ಕಣ್ಣೊರೆಸಿಕೊಂಡು ಕೇಳಿದರು:

"ಮತ್ತ ಏನರ ಹೇಳಾದು ಅದ ಏನ್ರಿ ಮೇಡಮ್ರೆ?"

"ಏನಿಲ್ಲ ಕಾಕಾ" ಎಂದೆ.

ಅವರು ಕೆಲಸಕ್ಕೆ ಮರಳಿ ಹೋಗಲೇ ಇಲ್ಲ. ಗುತ್ತಿಗೆಗೆ ಹಿಡಿದ ಎರಡು ಎಕರೆಯಲ್ಲಿ ತೊಗರಿ ಹಾಕಿದರು. ನರಸಪ್ಪನ ಮನೆ ಟಾಕಿಯ ದಾರಿಯಲ್ಲೇ ಇತ್ತು. ಹೊಲಕ್ಕೆ ಬೇರೆ ದಾರಿಯಿರಲಿಲ್ಲ. ಆ ಮನೆಯ ಮುಂದೆ ಬಂದಾಗ ಕಾಕಾ ಕಾಲಿನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ದಾಟುತ್ತಿದ್ದರು ಎಂದು ಮಹಾದೇವಮ್ಮ ಹೇಳುತ್ತಿದ್ದಳು. ನನಗೆ ತಾಂಡೂರಿಗೆ ವರ್ಗವಾಯಿತು, ಆಮೇಲೆ ಜಹೀರಾಬಾದಿಗೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಹೋಗಿಬರುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಒಮ್ಮೆ ಶಾಲು ಒಯ್ದೆ. ಹೊತ್ತು ಹೋಗುವ ತನಕ ಮಾತಾಡುತ್ತಿದ್ದೆವು. ಪ್ರತಿ ಸಲ ಬಸ್ಸಿಗೆ ಬಿಡಲು ಬಂದಾಗ ಅದೇ ಪ್ರಶ್ನೆ, ಮತ್ತ ಏನರ ಹೇಳಾದು ಅದ ಏನ್ರಿ. ನಮ್ಮ ಕಡೆ ಹೊರಟವರಿಗೆಲ್ಲ ಹಾಗೆ ಕೇಳುವುದು ರೂಢಿ. ನಾನೂ ಅದನ್ನು ರೂಢಿಯ ಮಾತೆಂದೇ ಇಟ್ಟುಕೊಂಡೆ. ಹಾಗೆ ಹನ್ನೊಂದು ವರ್ಷ ಕಳೆಯಿತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಹಾದೇವಮ್ಮನ ಫೋನು ಬಂತು. "ಬರ್ರಿ ಮೇಡಮ್ರೆ, ನಿಮ್ಮ ಕಾಕಾ ಹೋಗ್ಯಾನ." ಜಹೀರಾಬಾದಿನಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಕುಣಿ ತೋಡುವುದು ಮುಗಿಯುತ್ತ ಬಂದಿತ್ತು. ಊರ ರುದ್ರಭೂಮಿಯಲ್ಲಿ ನಾಲ್ಕು ಮಂದಿ ಗುದ್ದಲಿ ಹಿಡಿದಿದ್ದರು. ಕಾಕಾರ ಪಾದದಷ್ಟೇ ಉದ್ದಕ್ಕೆ ಕತ್ತರಿಸಿದ ಒಂದು ತೊಗರಿ ಕಡ್ಡಿ ಮಣ್ಣಿನ ಮೇಲೆ ಬಿದ್ದಿತ್ತು. ಆಳ ಸಾಕೇ ಎಂದು ಯಾರೋ ಕೇಳಿದರು.

"ಆತು ಬಿಡ್ರಿ, ಅಂದಾಜ್ ಸರಿ ಅದ" ಎಂದ ಕುಣಿಯೊಳಗಿದ್ದವನು.

"ಅಂದಾಜ್ ಹೇಳಬ್ಯಾಡ್ರಿ. ಅಳೀರಿ" ಎಂದು ನಾನು ಕೂಗಿದೆ. ಅದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ಕಡ್ಡಿ ಎತ್ತಿಕೊಂಡು ಸೀರೆ ಸಿಕ್ಕಿಸಿ ಕುಣಿಗೆ ಇಳಿದೆ. ಉದ್ದಕ್ಕೆ ಒಂಬತ್ತು ಸಲ ಹಿಡಿದೆ, ಅಗಲಕ್ಕೆ ಐದು. ಆಳಕ್ಕೆ ಹಿಡಿದಾಗ ಎರಡು ಬೆರಳು ಕಡಿಮೆ ಬಿತ್ತು. ಇನ್ನಷ್ಟು ತೆಗೆಯಿರಿ ಎಂದೆ. ಒಳಗಿದ್ದವನು ತಲೆ ಎತ್ತಿ ನೋಡಿದ. ಗಡ್ಡ ಬೆಳ್ಳಗಾಗಿತ್ತು. ನರಸಪ್ಪ.

"ಹನ್ನೊಂದು ವರ್ಷ ಆ ಮನಷ್ಯಾನ ಜೋಡಿ ಮಾತಾಡಿಲ್ರಿ ಮೇಡಂ. ಮಣ್ಣಿಗರ ಬರಬೇಕಂತ ಬಂದೀನಿ" ಎಂದ.

ನಾನು ಅಲ್ಲೇ, ಆ ಹಸಿ ಮಣ್ಣಿನಲ್ಲಿ ನಿಂತು ಹೇಳಿದೆ. ಮಗ್ಗು ಲೀಟರ್ ಹೌದೋ ಅಲ್ಲವೋ ಎಂದು ಅವರು ನನ್ನನ್ನು ಕೇಳಿದ್ದರು. ನಾನು ನೋಡದೆ ಹೌದು ಎಂದೆ. ಸಾಹೇಬರ ಮುಂದೆ ಅವರು ನನ್ನನ್ನು ಉಳಿಸಿದರು. ಅಂದಾಜು ಮಾಡಿದವಳು ನಾನು.

ನರಸಪ್ಪ ಗುದ್ದಲಿ ಎತ್ತಿಕೊಂಡ. "ಇದು ಆಗ ಹೇಳಿದ್ರ, ಕಾಕಾ ನಮ್ಮನಿ ಮುಂದ ಚಪ್ಲಿ ಕೈಯಾಗ ಹಿಡದು ಹೋಗ್ತಿದ್ದಿಲ್ರಿ" ಎಂದಷ್ಟೇ ಹೇಳಿ, ಬಗ್ಗಿ ಆ ಎರಡು ಬೆರಳಿನ ಮಣ್ಣು ತೆಗೆದ. ಆಮೇಲೆ ತಾನೇ ಕಡ್ಡಿ ಹಿಡಿದು ಅಳೆದ.

ಬೇಡವೆಂದರೂ ನನ್ನ ತಲೆ ಲೆಕ್ಕ ಮಾಡುತ್ತಿತ್ತು. ಹತ್ತಿಂಚಿನ ಪಾದ, ಒಂಬತ್ತು ಐದು ಐದು. ಮೂರೂಮುಕ್ಕಾಲು ಘನಮೀಟರಿಗೆ ತುಸು ಕಡಿಮೆ. ಅವರ ಮಗ್ಗಿನಲ್ಲಾದರೆ ಮೂರು ಸಾವಿರದ ಇನ್ನೂರ ನಲವತ್ತನಾಲ್ಕು. ಕಾಕಾರನ್ನು ಕೂರಿಸಿ, ವಿಭೂತಿ ಪತ್ರಿ ಹಾಕಿ, ಮಣ್ಣು ಎಳೆದರು. ನಾನೂ ಮೂರು ಹಿಡಿ ಹಾಕಿದೆ.

ಮನೆಗೆ ಬಂದ ಮೇಲೆ ಮಹಾದೇವಮ್ಮನ ಕಾಲ ಬಳಿ ಕೂತೆ. ಕುಣಿಯಲ್ಲಿ ಹೇಳಿದ್ದನ್ನು ಅವಳಿಗೂ ಹೇಳಲು ಶುರು ಮಾಡಿದೆ. ಅವಳು ಕೈಯೆತ್ತಿ ತಡೆದಳು.

"ನಂಗ ಮೊದಲ ದಿನದಿಂದ ಗೊತ್ತದವ್ವಾ. ನೀ ಪ್ರತಿ ಸರ್ತಿ ಬಸ್ ಹತ್ತಿ ಹ್ವಾದ ಮ್ಯಾಲ ಆತ ಮನಿಗಿ ಬಂದು ಅಂತಿದ್ದ, ಇವತ್ತೂ ಹೇಳಲಿಲ್ಲ, ಮುಂದಿನ ಸರ್ತಿ ಹೇಳ್ತಾಳ ತಗೋ. ಬೈಯಾಕ ಅಲ್ಲ. ನೀ ಹೇಳಿದ್ರ ನಿನ್ನ ಮನಸ್ಸು ಹಗೂರ ಆಗ್ತದಂತ ದಾರಿ ನೋಡ್ತಿದ್ದ."

ಒಳಗೆ ಹೋಗಿ ಮಗ್ಗು ತುಂಬಿಸಿ ತಂದಳು. ಅಂಚಿನಿಂದ ಸ್ವಲ್ಪ ಕೆಳಗೆ, ಒಳಬದಿಯಲ್ಲಿ, ಮೊಳೆಯಿಂದ ಕೆರೆದ ಒಂದು ಗೆರೆಯಿತ್ತು. ಸರಿಯಾಗಿ ಒಂದು ಲೀಟರಿನ ಗೆರೆ, ಕಾಕಾ ಯಾವಾಗಲೋ ಅಳೆದು ಹಾಕಿದ್ದು. ಅವಳು ಮಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ ನೋಡಿ, ನನ್ನ ಕೈಗಿಟ್ಟಳು. ಬಾಯಿಗೆ ಎತ್ತುವಷ್ಟರಲ್ಲಿ ಸೀರೆಯೆಲ್ಲ ಒದ್ದೆಯಾಯಿತು. ಆ ಗೆರೆಯ ಮೇಲಿದ್ದ ನೀರಷ್ಟೂ ಚೆಲ್ಲಿಹೋಗಿತ್ತು. "ಅಳತಿ ನಂದ್ರಿ" ಎಂದು ನಗುವವರು ಅಲ್ಲಿರಲಿಲ್ಲ.